ಗೊಂಬೆ ಕುಣಿಸಿದ ಕೈಗೆ ಹೆಸರಿಲ್ಲವೆ?

2020ರ ನವೆಂಬರಿನಲ್ಲಿ ಅಮೆರಿಕದಲ್ಲಿ ಎರಡು ಹಳೆಯ ಗೊಂಬೆಗಳು ಹರಾಜಿಗೆ ಬಂದವು. ಒಂದು, ಹನ್ನೊಂದು ಅಂಗುಲ ಎತ್ತರದ ಸಾಂತಾಕ್ಲಾಸ್ ಅಜ್ಜ. ಇನ್ನೊಂದು, ಆರು ಅಂಗುಲದ ಹಿಮಸಾರಂಗದ ಮರಿ; ಅದರ ಮೂಗು ಕೆಂಪು. ಮರ, ತಂತಿ, ಬಟ್ಟೆ, ತೊಗಲು, ಇಷ್ಟೇ ಸಾಮಾನು. ಅಜ್ಜನ ಗಡ್ಡಕ್ಕೆ ಮಾತ್ರ ಚಮರೀಮೃಗದ ಕೂದಲು. ಸಿನಿಮಾ ಕಂಪೆನಿಯ ಕಛೇರಿಯಲ್ಲಿ ನೌಕರಿಗಿದ್ದ ಹೆಣ್ಣುಮಗಳೊಬ್ಬರು ಇವನ್ನು ಮನೆಗೆ ಕೊಂಡೊಯ್ದು ಪ್ರತಿ ವರ್ಷ ಕ್ರಿಸ್‌ಮಸ್ ಗಿಡದ ಕೆಳಗೆ ಇಡುತ್ತಿದ್ದರಂತೆ. ಹರಾಜಿನಲ್ಲಿ ಬಿದ್ದ ಬೆಲೆ 3,68,000 ಡಾಲರು.

ಆ ಹಣ ಯಾರಿಗೆ ಹೋಯಿತೆಂಬುದು ನಮಗೆ ಬೇಡದ ಮಾತು. ನಾವು ಕೇಳುವುದು ಬೇರೆ. ಈ ಗೊಂಬೆಗಳು ನಟಿಸಿದ ರುಡಾಲ್ಫನ ಚಿತ್ರ 1964ರ ಡಿಸೆಂಬರ್ 6ರಂದು ಅಮೆರಿಕದ ಟೆಲಿವಿಷನ್ನಿನಲ್ಲಿ ಮೊದಲು ಬಂತು. ಅಂದಿನಿಂದ ಒಂದು ವರ್ಷವೂ ತಪ್ಪದೆ ಆ ದೇಶದ ಮಕ್ಕಳು ಅದನ್ನು ನೋಡುತ್ತಾ ಬಂದಿದ್ದಾರೆ. ನೋಡಿದ ಮಕ್ಕಳು ಅಜ್ಜ ಅಜ್ಜಿಯರಾಗಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಪುನಃ ನೋಡುತ್ತಿದ್ದಾರೆ. ಆದರೆ ಆ ಚಿತ್ರದ ಒಂದೊಂದು ಗೊಂಬೆಯೂ ಅಲುಗಿದ್ದು ಅಮೆರಿಕದಲ್ಲಲ್ಲ, ಜಪಾನಿನ ಟೋಕಿಯೋದಲ್ಲಿ. ಅಲುಗಿಸಿದವರು ತಾದಾಹಿತೊ ಮೊಚಿನಾಗಾ ಎಂಬ ಕಸುಬುದಾರರು ಮತ್ತು ಅವರ ಜೊತೆಯ ಕೆಲಸಗಾರರು. ನೋಡಿದ ಕೋಟ್ಯಂತರ ಜನರಲ್ಲಿ ಈ ಹೆಸರನ್ನು ಬಲ್ಲವರು ಎಷ್ಟು ಮಂದಿ?

ಗಿರಣಿಯಲ್ಲಿ ದುಡಿದವರಿಗೆ ಇದು ಹೊಸ ಸಂಗತಿಯೇನಲ್ಲ. ತಾನಿನ ತುದಿಗೆ ಗಿರಣಿಯ ಛಾಪು ಬೀಳುತ್ತದೆಯೇ ಹೊರತು ನೇಯ್ದವನ ಹೆಸರು ಬೀಳುವುದಿಲ್ಲ. ಅಂಗಡಿ ಇಟ್ಟ ಮಿತ್ರರಿಗೂ ಗೊತ್ತು: ಹಪ್ಪಳ ಒತ್ತುವವರು ಒಬ್ಬರು, ಪೊಟ್ಟಣಕ್ಕೆ ಚೀಟಿ ಅಂಟಿಸುವವರು ಇನ್ನೊಬ್ಬರು, ಗಿರಾಕಿ ಕೇಳುವುದು ಚೀಟಿಯ ಹೆಸರನ್ನು. ಆದರೂ ಮೊಚಿನಾಗಾರವರ ಕಥೆಯನ್ನು ಪೂರ್ತಿ ಹೇಳಬೇಕೆಂದು ನಮಗೆ ಅನ್ನಿಸಿತು. ಏಕೆಂದರೆ ಅದು ಸಲೀಸಾದ ಕಥೆಯಲ್ಲ. ಅನ್ಯಾಯವಾದವನು ಎಂದು ಬರಿದೇ ಕನಿಕರಪಟ್ಟು ಮುಗಿಸುವಂಥದೂ ಅಲ್ಲ.

ಮೊದಲು ಈ ಕೆಲಸ ಎಂಥದೆಂಬುದನ್ನು ತಿಳಿದುಕೊಳ್ಳೋಣ. ನಮ್ಮ ಸೂತ್ರದ ಗೊಂಬೆಯಾಟದಲ್ಲಿ ದಾರ ಎಳೆದ ಕ್ಷಣವೇ ಗೊಂಬೆ ಕೈಯೆತ್ತುತ್ತದೆ. ಇಲ್ಲಿ ದಾರವೂ ಇಲ್ಲ, ಕೋಲೂ ಇಲ್ಲ. ಗೊಂಬೆಯನ್ನು ಮೇಜಿನ ಮೇಲೆ ಬಿಗಿಯಾಗಿ ನಿಲ್ಲಿಸಿ ಕ್ಯಾಮರಾದಲ್ಲಿ ಒಂದೇ ಒಂದು ಚಿತ್ರ ಹಿಡಿಯಬೇಕು. ಆಮೇಲೆ ಅದರ ಕೈಯನ್ನು ಒಂದು ಭತ್ತದ ಕಾಳಿನಷ್ಟು ಸರಿಸಿ ಇನ್ನೊಂದು ಚಿತ್ರ. ಮತ್ತೆ ಸರಿಸಿ ಮತ್ತೊಂದು. ಹೀಗೆ ಹಿಡಿದ ಚಿತ್ರಗಳನ್ನು ಸೆಕೆಂಡಿಗೆ ಇಪ್ಪತ್ತನಾಲ್ಕರಂತೆ ಓಡಿಸಿದಾಗ ಗೊಂಬೆ ತಾನಾಗಿಯೇ ನಡೆದಂತೆ, ಅತ್ತಂತೆ, ನಕ್ಕಂತೆ ಕಾಣುತ್ತದೆ. ಒಂದು ನಿಮಿಷದ ಆಟಕ್ಕೆ 1,440 ಚಿತ್ರ ಬೇಕು. ಒಂದೊಂದು ಭಂಗಿಯನ್ನು ಎರಡೆರಡು ಸಲ ಹಿಡಿದು ಕೆಲಸ ಉಳಿಸಿದರೂ 720 ಬಾರಿ ಗೊಂಬೆಯನ್ನು ಮುಟ್ಟಲೇಬೇಕು. ನಡುವೆ ಯಾರದಾದರೂ ಮೊಣಕೈ ಮೇಜಿಗೆ ತಗುಲಿತೆನ್ನಿ, ದೀಪವೊಂದು ಮಂಕಾಯಿತೆನ್ನಿ, ಆ ದೃಶ್ಯವನ್ನು ಮೊದಲಿನಿಂದ ಹಿಡಿಯಬೇಕು. ಮಗ್ಗದಲ್ಲಿ ಎಳೆ ತುಂಡಾದರೆ ಗಂಟು ಹಾಕಿ ಮುಂದುವರಿಸಬಹುದು. ಇಲ್ಲಿ ಗಂಟು ಹಾಕಲು ಬರುವುದಿಲ್ಲ.

ಮೊಚಿನಾಗಾ ಹುಟ್ಟಿದ್ದು 1919ರಲ್ಲಿ. ಬಾಲ್ಯ ಕಳೆದದ್ದು ಮಂಚೂರಿಯಾದಲ್ಲಿ. ತಂದೆಗೆ ದಕ್ಷಿಣ ಮಂಚೂರಿಯಾ ರೈಲ್ವೆಯಲ್ಲಿ ನೌಕರಿ. ಆ ರೈಲ್ವೆ ಎಂದರೆ ಬರಿಯ ರೈಲಲ್ಲ. ಜಪಾನಿನ ಸಾಮ್ರಾಜ್ಯಶಾಹಿ ಚೀನದ ಈಶಾನ್ಯಕ್ಕೆ ಕಾಲಿಟ್ಟದ್ದೇ ಅದರ ಹಳಿಗಳ ಮೇಲೆ. ಹುಡುಗನಿಗೆ ಇದೆಲ್ಲ ತಿಳಿದಿರಲಾರದು. ಅವನಿಗೆ ಡಿಸ್ನಿಯ ಒಂದು ಪುಟ್ಟ ಚಿತ್ರ ನೋಡಿ ಹುಚ್ಚು ಹಿಡಿಯಿತು. ಟೋಕಿಯೋಗೆ ಬಂದು ಕಲೆ ಕಲಿತು ಚಿತ್ರ ತಯಾರಿಸುವ ಸಂಸ್ಥೆಯೊಂದನ್ನು ಸೇರಿದ. ಅಲ್ಲಿ ಮಿತ್ಸುಯೊ ಸೆಯೊ ಎಂಬ ನಿರ್ದೇಶಕರ ಕೈಕೆಳಗೆ 1941ರಲ್ಲಿ ಒಂದು ಇರುವೆ ಮರಿಯ ಚಿತ್ರ ತಯಾರಾಯಿತು. ಅದಕ್ಕಾಗಿ ಮೊಚಿನಾಗಾ ತಾವೇ ಒಂದು ಕ್ಯಾಮರಾ ಚೌಕಟ್ಟನ್ನು ಕಟ್ಟಿದರು: ನಾಲ್ಕು ಅಂತಸ್ತು, ಒಂದೊಂದು ಅಂತಸ್ತಿನಲ್ಲೂ ಗಾಜಿನ ಮೇಲೆ ಬೇರೆ ಬೇರೆ ಚಿತ್ರ, ಮೇಲಿನಿಂದ ಕ್ಯಾಮರಾ ನೋಟ. ಹತ್ತಿರದ ಹುಲ್ಲು ಹತ್ತಿರವಾಗಿಯೂ ದೂರದ ಗುಡ್ಡ ದೂರವಾಗಿಯೂ ಕಾಣುವಂತೆ ಮಾಡುವ ಉಪಾಯ. ಜಪಾನಿನಲ್ಲಿ ಅಂಥದು ಅದೇ ಮೊದಲು. ಇಪ್ಪತ್ತೆರಡು ವರ್ಷದ ತರುಣನ ಕೆಲಸ ಅದು.

ಇಂಥ ಕೈಯನ್ನು ಯುದ್ಧ ನಡೆಸುವವರು ಸುಮ್ಮನೆ ಬಿಡುವರೆ? ಮುಂದಿನ ಚಿತ್ರ ನೌಕಾಖಾತೆಯ ಆಜ್ಞೆ. 1943ರಲ್ಲಿ ತೆರೆಗೆ ಬಂದ ಆ ಚಿತ್ರದಲ್ಲಿ ಜಪಾನಿ ಮಕ್ಕಳ ಮೆಚ್ಚಿನ ಜಾನಪದ ವೀರ ಮೊಮೊತಾರೊ, ಕೋತಿ ನಾಯಿ ಮೊಲಗಳ ಸೈನ್ಯ ಕಟ್ಟಿಕೊಂಡು ರಾಕ್ಷಸರ ದ್ವೀಪಕ್ಕೆ ಬಾಂಬು ಹಾಕುತ್ತಾನೆ. ರಾಕ್ಷಸರ ದ್ವೀಪವೆಂದರೆ ಪರ್ಲ್ ಹಾರ್ಬರ್. ಅಜ್ಜಿಯ ಕಥೆಯನ್ನು ಹೀಗೆ ಸೈನ್ಯಕ್ಕೆ ಭರ್ತಿ ಮಾಡಿಕೊಂಡರು. ಆ ಚಿತ್ರದ ಚಿತ್ರೀಕರಣ ತಂತ್ರದಲ್ಲಿ ಮೊಚಿನಾಗಾರವರ ಕೈ ಇತ್ತು. 1944ರಲ್ಲಿ ಜಲಾಂತರ್ಗಾಮಿಯ ಕಥೆಯೊಂದಕ್ಕೂ ದುಡಿದರು.

ನಾವು ಇದನ್ನು ಮುಚ್ಚಿಡುವುದಿಲ್ಲ. ಒಳ್ಳೆಯ ಕೆಲಸಕ್ಕೆ ಕೆಲಸಗಾರನ ಹೆಸರು ಇರಬೇಕೆಂದು ವಾದಿಸುವವರು ಕೆಟ್ಟ ಕೆಲಸ ಬಂದಾಗ "ಅವನೇನು ಮಾಡಿಯಾನು, ಯಜಮಾನರ ಅಪ್ಪಣೆ" ಎಂದು ಜಾರಿಕೊಳ್ಳಬಾರದು. ಗೊಂಬೆ ಕುಣಿಸಿದ ಕೈಗೆ ಮಾನ ಸಲ್ಲುವುದಾದರೆ ಬಾಂಬಿನ ಚಿತ್ರ ಹಿಡಿದ ಕೈಗೆ ಹೊಣೆಯೂ ಸಲ್ಲಬೇಕು. ಆಗಿನ ಜಪಾನಿನಲ್ಲಿ ಇಲ್ಲವೆನ್ನುವುದು ಸುಲಭವಿರಲಿಲ್ಲ ಎಂಬುದು ನಿಜ. ಇಲ್ಲವೆಂದು ಸೆರೆಮನೆಗೆ ಹೋದವರೂ ಇದ್ದರೆಂಬುದು ಅಷ್ಟೇ ನಿಜ.

1945ರಲ್ಲಿ ಅಮೆರಿಕದ ವಿಮಾನಗಳು ಟೋಕಿಯೋವನ್ನು ಸುಟ್ಟಾಗ ಮೊಚಿನಾಗಾರವರ ಮನೆಯೂ ಬೂದಿಯಾಯಿತು. ಅವರು ಬಾಲ್ಯದ ಮಂಚೂರಿಯಾಕ್ಕೆ ಹೋಗಿ ಚಾಂಗ್‌ಚುನ್ ನಗರದ ಮಂಚೂರಿಯಾ ಚಲಚ್ಚಿತ್ರ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ಆ ಸಂಸ್ಥೆಯ ಯಜಮಾನ ಯಾರೆಂಬುದನ್ನು ನಮ್ಮ ವಾಚಕರು ಅವಶ್ಯ ತಿಳಿಯಬೇಕು. ಅವನ ಹೆಸರು ಮಸಾಹಿಕೊ ಅಮಾಕಾಸು. 1923ರ ಸೆಪ್ಟೆಂಬರಿನಲ್ಲಿ ಟೋಕಿಯೋ ಭೂಕಂಪದ ಗೊಂದಲದಲ್ಲಿ ಅರಾಜಕತಾವಾದಿ ಮುಖಂಡ ಸಕಾಯೆ ಓಸುಗಿ, ಅವರ ಸಂಗಾತಿ ಲೇಖಕಿ ನೊಯೆ ಇತೊ, ಜೊತೆಗೆ ಓಸುಗಿಯವರ ಸೋದರಿಯ ಆರು ವರ್ಷದ ಮಗು, ಈ ಮೂವರನ್ನೂ ಹಿಡಿದು ಕೊಂದ ಮಿಲಿಟರಿ ಪೊಲೀಸ್ ದಳದ ಕ್ಯಾಪ್ಟನ್ ಇವನೇ. ಶಿಕ್ಷೆಯಾಯಿತು, ಕೆಲವೇ ವರ್ಷಗಳಲ್ಲಿ ಬಿಡುಗಡೆಯೂ ಆಯಿತು, 1939ರಲ್ಲಿ ಸಿನಿಮಾ ಸಂಸ್ಥೆಯ ಮುಖ್ಯಸ್ಥನ ಕುರ್ಚಿಯೂ ಸಿಕ್ಕಿತು! ಸೋವಿಯತ್ ಸೈನ್ಯ ಬರುತ್ತಿದ್ದಂತೆ 1945ರ ಆಗಸ್ಟ್ 20ರಂದು ವಿಷ ನುಂಗಿ ಸತ್ತ.

ಇಲ್ಲಿಂದ ಕಥೆ ತಿರುಗುತ್ತದೆ. ಸ್ಟುಡಿಯೋ ಚೀನೀ ಕಮ್ಯುನಿಸ್ಟರ ವಶಕ್ಕೆ ಬಂತು. 1946ರಲ್ಲಿ ಚಿಯಾಂಗ್ ಕೈಷೇಕನ ಸೈನ್ಯ ಚಾಂಗ್‌ಚುನ್‌ಗೆ ನುಗ್ಗುವುದರೊಳಗೆ ಯಂತ್ರಗಳನ್ನು ಬಿಚ್ಚಿ ರೈಲಿಗೆ ಹೇರಿ ಉತ್ತರಕ್ಕೆ, ಷಿಂಗ್‌ಷಾನ್ ಎಂಬ ಕಲ್ಲಿದ್ದಲ ಗಣಿಯ ಊರಿಗೆ ಸಾಗಿಸಿದರು. ಆ ಊರನ್ನು ಈಗ ಹೆಗಾಂಗ್ ಎನ್ನುತ್ತಾರೆ. ಮೂಳೆ ಕೊರೆಯುವ ಚಳಿಯ ಸೀಮೆ. ಬಹುಮಂದಿ ಜಪಾನೀಯರು ತಾಯ್ನಾಡಿಗೆ ಮರಳಿದರು. ಕೆಲವು ತಂತ್ರಜ್ಞರು ಸ್ಟುಡಿಯೋದ ಜೊತೆಗೇ ಹೋದರು. ಹೋದವರೆಲ್ಲರಿಗೂ ಗೌರವದ ಕೆಲಸ ಸಿಕ್ಕಿತೆಂದಲ್ಲ. ಕೆಲವರನ್ನು ಸ್ಟುಡಿಯೋದಿಂದ ತೆಗೆದು ಮೈಮುರಿಯುವ ದುಡಿಮೆಗೆ ಹಚ್ಚಿದ್ದೂ ಉಂಟು. ಮೊಚಿನಾಗಾ ಮಾತ್ರ ಕ್ಯಾಮರಾದ ಹಿಂದೆಯೇ ಉಳಿದರು.

ಅಲ್ಲಿ ಚೆನ್ ಬೊ-ಅರ್ ಎಂಬ ಧೀಮಂತ ಹೆಣ್ಣುಮಗಳಿದ್ದರು. ಷಾಂಘೈಯಲ್ಲಿ ಚಿತ್ರನಟಿಯಾಗಿದ್ದು, ಕ್ರಾಂತಿಯ ಕರೆಗೆ ಯೆನಾನ್‌ಗೆ ಹೋಗಿ, ಈಗ ಹೊಸ ಸ್ಟುಡಿಯೋ ಕಟ್ಟುವವರಲ್ಲಿ ಒಬ್ಬರಾಗಿದ್ದವರು. ಚಿಯಾಂಗನನ್ನು ಅಣಕಿಸುವ ಚಿತ್ರವೊಂದು ಬೇಕಾಗಿತ್ತು. ಸಾವಿರಾರು ಚಿತ್ರ ಬರೆಯೋಣವೆಂದರೆ ಬರೆಯುವ ಕೈಗಳೇ ಇಲ್ಲ. ಗೊಂಬೆ ಮಾಡಿದರೆ? ಒಂದು ಸಲ ಕೆತ್ತಿದರೆ ಚಿತ್ರ ಮುಗಿಯುವವರೆಗೂ ಅದೇ ಗೊಂಬೆ. ಹೀಗೆ ಬಡತನದಿಂದ ಹುಟ್ಟಿದ್ದು 1947ರ 'ಚಕ್ರವರ್ತಿಯ ಕನಸು', ಚೀನದ ಮೊಟ್ಟಮೊದಲ ಗೊಂಬೆ ಸಿನಿಮಾ. ಚೆನ್ ಬೊ-ಅರ್ ನಿರ್ದೇಶನ. ಗೊಂಬೆಯ ಕೆಲಸದ ಭಾರ ಮೊಚಿನಾಗಾರವರದು. ನಾಲ್ಕು ವರ್ಷದ ಕೆಳಗೆ ಸಾಮ್ರಾಟನ ನೌಕಾಪಡೆಗೆ ದುಡಿದ ಕೈ ಈಗ ಗಣಿಯ ಊರಿನಲ್ಲಿ ಕುಳಿತು ಸರ್ವಾಧಿಕಾರಿಯ ಗೊಂಬೆಯನ್ನು ಕುಣಿಸಿತು. ಮರುವರ್ಷ ಚಿಯಾಂಗನನ್ನು ಮಡಕೆಯೊಳಗೆ ಸಿಕ್ಕಿಬಿದ್ದ ಆಮೆಯಂತೆ ತೋರಿಸುವ ವ್ಯಂಗ್ಯಚಿತ್ರವನ್ನು ತಾವೇ ನಿರ್ದೇಶಿಸಿದರು.

ಆದರೆ ಚಿತ್ರದ ಮೇಲೆ ಬಂದ ಹೆಸರು ಮೊಚಿನಾಗಾ ಅಲ್ಲ, ಫಾಂಗ್ ಮಿಂಗ್. ಚೀನದಲ್ಲಿ ಅವರು ಇಟ್ಟುಕೊಂಡ ಹೆಸರು ಅದು. ಜಪಾನಿ ಸೈನಿಕರ ಅತ್ಯಾಚಾರದ ಗಾಯ ಹಸಿಯಾಗಿದ್ದ ನಾಡಿನಲ್ಲಿ ಜಪಾನಿ ಹೆಸರು ತೆರೆಯ ಮೇಲೆ ಬರುವುದು ಸುಲಭವಿರಲಿಲ್ಲವೆಂದು ನಾವು ಊಹಿಸಬಲ್ಲೆವು. ಕಾರಣ ಏನೇ ಇರಲಿ, ಕೆಲಸಗಾರನ ಹೆಸರು ಅಳಿಸಿಹೋಗುವುದು ಬಂಡವಾಳಗಾರನ ಅಂಗಡಿಯಲ್ಲಿ ಮಾತ್ರ ಎಂದು ನಮ್ಮವರು ಬೀಗದಿರಲಿ ಎಂದು ಇದನ್ನು ಹೇಳಿದೆವು.

ಒಂದು ಭೇದ ಮಾತ್ರ ಇದೆ, ನಮ್ಮ ದೃಷ್ಟಿಯಲ್ಲಿ ದೊಡ್ಡ ಭೇದ. ಚೀನದಲ್ಲಿ ಅವರ ಹೆಸರು ಹೋದರೂ ವಿದ್ಯೆ ಉಳಿಯಿತು. ಎಂಟು ವರ್ಷ ಅವರು ಚೀನೀ ತರುಣರಿಗೆ ಕೈಹಿಡಿದು ಕಲಿಸಿದರು. 1949ರಲ್ಲಿ ವ್ಯಂಗ್ಯಚಿತ್ರಕಾರ ತೆ ವೇಯ್ ಆ ವಿಭಾಗದ ಮುಖ್ಯಸ್ಥರಾಗಿ ಬಂದರು. 1950ರಲ್ಲಿ ಎಲ್ಲರೂ ಷಾಂಘೈಗೆ ಹೋದರು. ಅಲ್ಲಿ ಬೆಳೆದ ಗುಂಪೇ 1957ರಲ್ಲಿ ಷಾಂಘೈ ಆನಿಮೇಷನ್ ಸ್ಟುಡಿಯೋ ಆಯಿತು. ಅದೇ ಗುಂಪಿನ ಜಿನ್ ಷಿ 1955ರಲ್ಲಿ ಮಾಡಿದ 'ಮಾಯಾ ಕುಂಚ' ಎಂಬ ಗೊಂಬೆ ಚಿತ್ರಕ್ಕೆ ಮರುವರ್ಷ ವೆನಿಸ್‌ನಲ್ಲಿ ಮಕ್ಕಳ ಚಿತ್ರಗಳ ಬಹುಮಾನ ಬಂತು. ಬಡ ಹುಡುಗನೊಬ್ಬ ಬರೆದದ್ದೆಲ್ಲ ನಿಜವಾಗುವ ಕಥೆ ಅದು.

1953ರಲ್ಲಿ ಮೊಚಿನಾಗಾ ಜಪಾನಿಗೆ ಹಿಂದಿರುಗಿದರು. 1955ರಲ್ಲಿ ಸ್ವಂತಕ್ಕೆ ಒಂದು ಗೊಂಬೆ ಚಿತ್ರ ಸ್ಟುಡಿಯೋ ತೆರೆದರು. ಚೀನದಲ್ಲಿ ಬಡತನ ಕಲಿಸಿದ ವಿದ್ಯೆ ಈಗ ಜಪಾನಿಗೆ ಬಂತು. ಅಲ್ಲಿ ಗೊಂಬೆ ಸಿನಿಮಾದ ಅಡಿಗಲ್ಲು ಇಟ್ಟವರು ಅವರೆಂದು ಎಲ್ಲರೂ ಒಪ್ಪುತ್ತಾರೆ. ಮೊದಲ ಗಿರಾಕಿಗಳಲ್ಲಿ ಒಂದು ಬಿಯರ್ ಕಂಪೆನಿ! ಮದ್ಯಪಾನ ನಿಷೇಧದ ಪಕ್ಷಪಾತಿಗಳಾದ ನಮ್ಮ ವಾಚಕರು ಕ್ಷಮಿಸಬೇಕು. ಕೆಲಸಗಾರರಿಗೆ ಸಂಬಳ ಕೊಡಬೇಕಲ್ಲ.

ಈ ಬಿಯರ್ ಚಿತ್ರಕ್ಕೆ ಗೊಂಬೆ ಮಾಡಲು ಬಂದವರಲ್ಲಿ ಕಿಹಾಚಿರೊ ಕವಾಮೊತೊ ಎಂಬ ತರುಣರಿದ್ದರು. ತೋಹೊ ಎಂಬ ದೊಡ್ಡ ಸಿನಿಮಾ ಕಂಪೆನಿಯ ಕಲಾವಿಭಾಗದಲ್ಲಿ ಇದ್ದವರು. 1948ರಲ್ಲಿ ಆ ಕಂಪೆನಿ ನೂರಾರು ಮಂದಿಯನ್ನು ಕೆಲಸದಿಂದ ತೆಗೆಯಲು ಹೊರಟಾಗ ನೌಕರರು ಸ್ಟುಡಿಯೋವನ್ನೇ ಹಿಡಿದು ಕುಳಿತರು. ಆಗಸ್ಟ್ 19ರಂದು ಅವರನ್ನು ಹೊರಹಾಕಲು ಸುಮಾರು ಎರಡು ಸಾವಿರ ಪೊಲೀಸರ ಬೆನ್ನಿಗೆ ಅಮೆರಿಕದ ಟ್ಯಾಂಕುಗಳು ಬಂದವು, ಆಕಾಶದಲ್ಲಿ ವಿಮಾನಗಳು ಹಾರಾಡಿದವು. ಬಾರದೆ ಉಳಿದದ್ದು ಯುದ್ಧನೌಕೆ ಒಂದೇ ಎಂಬ ಮಾತು ಜಪಾನಿನಲ್ಲಿ ಇಂದಿಗೂ ಇದೆ. ಆ ಜಗಳದ ಬೆನ್ನಲ್ಲಿ 1950ರಲ್ಲಿ ಕವಾಮೊತೊ ಕೆಲಸ ಕಳೆದುಕೊಂಡರು. ಹೊಟ್ಟೆಪಾಡಿಗೆ ಗೊಂಬೆ ಮಾಡತೊಡಗಿದರು. ಗೊಂಬೆಯನ್ನು ಕ್ಯಾಮರಾದ ಮುಂದೆ ನಡೆಸುವುದನ್ನು ಮೊಚಿನಾಗಾರವರ ಬಳಿ ಕಲಿತು, 1963ರಲ್ಲಿ ಚೆಕೊಸ್ಲೊವಾಕಿಯಾಕ್ಕೆ ಹೋಗಿ ಯಿರಿ ತ್ರಂಕಾರವರಲ್ಲಿ ಪಳಗಿ, ಮುಂದೆ ಜಗತ್ತೇ ಮೆಚ್ಚುವ ಕಲಾವಿದರಾದರು.

ಇನ್ನು ಅಮೆರಿಕದ ವ್ಯಾಪಾರ. ಮೊಚಿನಾಗಾರವರ ಸ್ಟುಡಿಯೋ 1956ರಲ್ಲಿ ಹುಲಿಗಳನ್ನು ಜಯಿಸುವ ಸಾಂಬೋ ಎಂಬ ಹುಡುಗನ ಚಿತ್ರ ಮಾಡಿತ್ತು. ಮೂಲಕಥೆ ಬರೆದದ್ದು ಮದರಾಸು ಪ್ರಾಂತ್ಯದಲ್ಲಿದ್ದ ಹೆಲೆನ್ ಬ್ಯಾನರ್‌ಮನ್ ಎಂಬ ಬಿಳಿಯ ದೊರೆಸಾನಿ. 1899ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹುಲಿಗಳು ಜಗಳವಾಡಿ ಮರದ ಸುತ್ತ ಓಡಿ ಓಡಿ ಕರಗಿ ತುಪ್ಪವಾಗಿಬಿಡುವ ಕಥೆ. ತುಪ್ಪ ನಮ್ಮದು, ಹುಲಿ ನಮ್ಮದು; ಹುಡುಗನ ಹೆಸರೂ ಚಿತ್ರವೂ ಮಾತ್ರ ಕರಿಯರನ್ನು ಹೀಯಾಳಿಸುವಂಥವು. ಕರಿಯ ಜನ ಅದನ್ನು ವಿರೋಧಿಸಿದ್ದು ನ್ಯಾಯವಾಗಿಯೇ ಇದೆ. ಈ ಚಿತ್ರಕ್ಕೆ 1958ರಲ್ಲಿ ಕೆನಡದ ವ್ಯಾಂಕೂವರ್ ಚಿತ್ರೋತ್ಸವದಲ್ಲಿ ಬಹುಮಾನ ಬಂತು. ಅದೇ ಸುಮಾರಿಗೆ ಆರ್ಥರ್ ರ‍್ಯಾಂಕಿನ್ ಎಂಬ ಅಮೆರಿಕದ ನಿರ್ಮಾಪಕ ಟೋಕಿಯೋಗೆ ಬಂದ. ಕೆಲಸ ಚೊಕ್ಕಟ, ಕೂಲಿ ಅಗ್ಗ. ವ್ಯಾಪಾರಿಗೆ ಇನ್ನೇನು ಬೇಕು?

ಮೊದಲ ಗುತ್ತಿಗೆ ಪಿನೋಕಿಯೋ ಎಂಬ ಮರದ ಹುಡುಗನ ಕಥೆ: ಐದೈದು ನಿಮಿಷದ 130 ಕಂತುಗಳು. ಲೆಕ್ಕ ಬಲ್ಲ ವಾಚಕರು ಪೆನ್ಸಿಲು ತೆಗೆದುಕೊಳ್ಳಲಿ. ಒಟ್ಟು 650 ನಿಮಿಷ. ನಿಮಿಷಕ್ಕೆ 1,440ರಂತೆ 9,36,000 ಚಿತ್ರಗಳು. ಎರಡೆರಡು ಸಲ ಹಿಡಿದರೆಂದೇ ಇಟ್ಟುಕೊಂಡರೂ 4,68,000 ಬಾರಿ ಯಾರೋ ಒಬ್ಬರು ಬಗ್ಗಿ ಗೊಂಬೆಯ ಕೈಕಾಲು ತಿರುಗಿಸಿ, ಹಿಂದಕ್ಕೆ ಸರಿದು, ಗುಂಡಿ ಒತ್ತಬೇಕು. ಈ ಬೆನ್ನುಗಳಿಗೆ ಯಾರಾದರೂ ಲೆಕ್ಕ ಇಟ್ಟಿದ್ದಾರೆಯೇ?

ಆಮೇಲೆ ಬಂತು ರುಡಾಲ್ಫ್. ಕಥೆ, ಹಾಡು, ಧ್ವನಿ ಎಲ್ಲ ಪೆಸಿಫಿಕ್ ಸಾಗರದ ಆಚೆ ತಯಾರಾಗಿ ಟೋಕಿಯೋಗೆ ಬಂತು. ಹಣ ಹಾಕಿದ್ದು ಜನರಲ್ ಎಲೆಕ್ಟ್ರಿಕ್. ಚಿತ್ರದ ಗೊಂಬೆಗಳಿಂದಲೇ ತನ್ನ ವಿದ್ಯುತ್ ಸಾಮಾನುಗಳ ಜಾಹೀರಾತನ್ನೂ ಮಾಡಿಸಿತು. ಚಿತ್ರದ ನಾಮಾವಳಿಯಲ್ಲಿ 'ಟ್ಯಾಡ್ ಮೊಚಿನಾಗಾ' ಎಂದು ಒಂದು ಗಳಿಗೆ ಮಿಂಚಿ ಹೋಗುತ್ತದೆ. ತಾದಾಹಿತೊ ಎನ್ನಲು ಅಮೆರಿಕದ ನಾಲಗೆ ಹೊರಳದೆ ಟ್ಯಾಡ್ ಆಯಿತು. ಕಸುಬಿಗೆ ಸಹ ಕಂಪೆನಿ ಹೊಸ ಹೆಸರಿಟ್ಟಿತು: 'ಅನಿಮ್ಯಾಜಿಕ್', ಅಂದರೆ ಜಾದೂ. ನಾವಂತೂ ಈ ಮಾತನ್ನು ಒಪ್ಪುವುದಿಲ್ಲ. ಜಾದೂ ಎಂದರೆ ಯಾರೂ ದುಡಿಯದೆ ಆದದ್ದು ಎಂದಾಯಿತು. ತಮಾಷೆಯ ಸಂಗತಿಯೊಂದಿದೆ. ಚಿತ್ರದ ಹಕ್ಕು ಸಾರುವ ಸಾಲಿನಲ್ಲಿ ರೋಮನ್ ಅಂಕಿಯಲ್ಲಿ ಒಂದು ಅಕ್ಷರ ಬಿಟ್ಟುಹೋಗಿ 1964 ಎನ್ನುವುದು 1164 ಎಂದು ಅಚ್ಚಾಯಿತು. ಎಲ್ಲದರ ಒಡೆಯರಿಗೆ ಇಸವಿಯೇ ತಪ್ಪಿತು!

ಈ ರುಡಾಲ್ಫ್ ಎಲ್ಲಿಂದ ಬಂದ ಎಂಬುದನ್ನೂ ಕೇಳಿ. 1939ರಲ್ಲಿ ಷಿಕಾಗೋದ ಮಾಂಟ್ಗಮರಿ ವಾರ್ಡ್ ಎಂಬ ದೊಡ್ಡ ಅಂಗಡಿಯವರು ಕ್ರಿಸ್‌ಮಸ್‌ಗೆ ಗಿರಾಕಿಗಳ ಮಕ್ಕಳಿಗೆ ಪುಕ್ಕಟೆ ಹಂಚಲು ಒಂದು ಪುಸ್ತಿಕೆ ಬೇಕೆಂದರು. ಜಾಹೀರಾತು ಬರೆಯುವ ಸಂಬಳದ ನೌಕರ ರಾಬರ್ಟ್ ಮೇ ಅದನ್ನು ಬರೆದರು. ಅದೇ ವರ್ಷ ಅವರ ಹೆಂಡತಿ ಅರ್ಬುದ ರೋಗದಿಂದ ತೀರಿಕೊಂಡಿದ್ದರು; ಆಸ್ಪತ್ರೆಯ ಸಾಲ ತಲೆಯ ಮೇಲಿತ್ತು. ಪುಸ್ತಿಕೆಯ ಸುಮಾರು 24 ಲಕ್ಷ ಪ್ರತಿಗಳು ಹಂಚಿಹೋದವು. ಮೇಗೆ ಬಂದದ್ದು ತಿಂಗಳ ಸಂಬಳ. ಕೊನೆಗೆ 1947ರಲ್ಲಿ ಕಂಪೆನಿ ಕೃತಿಸ್ವಾಮ್ಯವನ್ನು ಅವರ ಕೈಗೆ ಬಿಟ್ಟುಕೊಟ್ಟಿತು; ಮೇ ಸಾಲದಿಂದ ಪಾರಾದರು, ಸುಖವಾಗಿ ಬದುಕಿದರು. ಒಬ್ಬ ನೌಕರನಿಗೆ ತಾನು ಮಾಡಿದ್ದರ ಹಕ್ಕನ್ನು ಕೊಟ್ಟದ್ದರಿಂದ ಆ ಅಂಗಡಿಯೇನೂ ಮುಳುಗಲಿಲ್ಲ, ಇನ್ನೂ ಅರ್ಧ ಶತಮಾನ ನಡೆಯಿತು. ಬರೆದವನಿಗೆ ಸಾಧ್ಯವಾದದ್ದು ಅದೇ ರುಡಾಲ್ಫನನ್ನು ನಡೆಸಿದವರಿಗೆ ಏಕೆ ಸಾಧ್ಯವಾಗಬಾರದು? ವರ್ಷ ವರ್ಷವೂ ಚಿತ್ರ ಮರುಪ್ರದರ್ಶನವಾದಾಗ ಬರುವ ಜಾಹೀರಾತಿನ ಹಣದಲ್ಲಿ ಕಾಸಿನ ಪಾಲಾದರೂ ಟೋಕಿಯೋದ ಆ ಮೇಜಿನ ಸುತ್ತ ನಿಂತವರಿಗೆ ಸಲ್ಲಬೇಕಾಗಿತ್ತೆಂಬುದು ನಮ್ಮ ಖಚಿತ ಅಭಿಪ್ರಾಯ. ಗುತ್ತಿಗೆ ಹಣ ಕೊಟ್ಟಾಯಿತಲ್ಲ ಎನ್ನುವವರಿದ್ದಾರೆ. ಗುತ್ತಿಗೆ ಹಣ ಒಂದು ಸಲದ ದುಡಿಮೆಗೆ. ಸರಕು ಅರವತ್ತು ಸಲ ಮಾರಾಟವಾಯಿತು.

1967ರ 'ಮ್ಯಾಡ್ ಮಾನ್ಸ್‌ಟರ್ ಪಾರ್ಟಿ'ವರೆಗೆ ಈ ಗುತ್ತಿಗೆ ನಡೆಯಿತು. ಆಮೇಲೆ ಅಮೆರಿಕದ ಕಂಪೆನಿ ಜಪಾನಿನಲ್ಲೇ ಬೇರೆ ಕೈಗಳನ್ನು ಹುಡುಕಿಕೊಂಡಿತು. ಗೊಂಬೆ ಚಿತ್ರಗಳನ್ನು ಮಾಡಿಸುತ್ತಲೇ ಹೋಯಿತು. ಮೊಚಿನಾಗಾ ಚೀನದ ಹಳೆಯ ಗೆಳೆಯರ ನಂಟನ್ನು ಬಿಡಲಿಲ್ಲ. ಎರಡು ದೇಶಗಳ ನಡುವೆ ರಾಯಭಾರ ಸಂಬಂಧ ಏರ್ಪಟ್ಟದ್ದೇ 1972ರಲ್ಲಿ. ಅದಕ್ಕೂ ಇಪ್ಪತ್ತೈದು ವರ್ಷ ಮೊದಲೇ ಗಣಿಯ ಊರಿನಲ್ಲಿ ಈ ಒಬ್ಬ ಕಸುಬುದಾರರು ಗೊಂಬೆಯ ಮೂಲಕ ಆ ಸಂಬಂಧ ಕಟ್ಟಿದ್ದರು. 1999ರ ಏಪ್ರಿಲ್‌ನಲ್ಲಿ ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಆತ್ಮಕಥೆ 2006ರಲ್ಲಿ ಟೋಕಿಯೋದಲ್ಲಿ ಪ್ರಕಟವಾಯಿತು. ರಕ್ಷಾಪುಟದ ಮೇಲೆ ಫಾಂಗ್ ಮಿಂಗ್ ಎಂದೂ ಇಲ್ಲ, ಟ್ಯಾಡ್ ಎಂದೂ ಇಲ್ಲ. ಇರುವುದು ತಾದಾಹಿತೊ ಮೊಚಿನಾಗಾ. ಪುಸ್ತಕದ ಹೆಸರಿನಲ್ಲಿ ಎರಡು ದೇಶಗಳಿವೆ, ಜಪಾನ್ ಮತ್ತು ಚೀನ.